ಗುಡ್ಡದ ಕಡೆಗಿದ್ದ ಮೂಗು

ಹುಲುಗಪ್ಪನ ಹೆಣ ಬಳ್ಳಾರಿ ಜಾಲಿಯ ಪೊದೆ ಪಕ್ಕ ಬೋರಲು ಬಿದ್ದಿತ್ತು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆಷಾಢದ ಗಾಳಿ ಅವನ ಅಂಗಿಯನ್ನು ಬೆನ್ನಿನಿಂದ ಎತ್ತಿ ಎತ್ತಿ ಬಿಡುತ್ತಿತ್ತು.

ಪಿಎಸ್‌ಐ ಲಲಿತಾ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೆಣದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಂಡೂರಿಗೆ ಬಂದು ಅವಳಿಗೆ ವರ್ಷವೂ ಆಗಿರಲಿಲ್ಲ. ಗಣಿ ಊರಿನ ಹೆಣಗಳು ಸಾಮಾನ್ಯವಾಗಿ ಲಾರಿಯ ಕೆಳಗೆ ಸಿಗುತ್ತಿದ್ದವು. ವಿಮಾನ ಹೊಡೆದು ಸತ್ತವನನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ಹುಲುಗಪ್ಪ ಬಂಡ್ರಿಯವನು, ಈ ಏರ್‌ಸ್ಟ್ರಿಪ್ಪಿನ ಕಾವಲುಗಾರ. ವಿಮಾನ ಬರುವ ಹೊತ್ತಿಗೆ ರನ್‌ವೇ ಮೇಲಿನ ಕುರಿ, ನಾಯಿಗಳನ್ನು ಓಡಿಸಿ, ದಕ್ಷಿಣದ ತುದಿಯಲ್ಲಿ ನಿಂತು ಹಸಿರು ಬಟ್ಟೆ ಬೀಸುವುದು ಅವನ ಕೆಲಸ. ಬಟ್ಟೆ ಕಂಡರೆ ವಿಮಾನ ಇಳಿಯುತ್ತಿತ್ತು, ಕಾಣದಿದ್ದರೆ ಮೇಲೆ ಇನ್ನೊಂದು ಸುತ್ತು ಹೊಡೆಯುತ್ತಿತ್ತು.

ಏರ್‌ಸ್ಟ್ರಿಪ್ ಗುಡ್ಡಪ್ಪ ಧಣಿಯದು. ಅರ್ಧ ಗುಡ್ಡ ಅಗೆದು ಮಾರಿದ ಮೇಲೆ ಧಣಿಗೆ ಆಕಾಶದ ಮೇಲೂ ಮನಸ್ಸಾಗಿ, ನಾಲ್ಕು ಸೀಟಿನ ಒಂದು ವಿಮಾನ ಕೊಂಡಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ರನ್‌ವೇ ಹಾಕಿಸುವುದು ಲೋಕದ ಪದ್ಧತಿ. ಧಣಿ ಇಂಜಿನಿಯರ್ ಮಾತು ಬಿಟ್ಟು ವಾಸ್ತು ಪಂಡಿತನನ್ನು ಕರೆಸಿದ. ಪಂಡಿತ ಕಾರಿನಿಂದ ಇಳಿಯುವ ಕಷ್ಟವನ್ನೂ ತೆಗೆದುಕೊಳ್ಳದೆ, ವಿಮಾನ ಇಳಿಯುವಾಗ ಮುಖ ಕುಬೇರನ ದಿಕ್ಕಿಗೆ ಇರಬೇಕು ಎಂದ. ಆಯಿತು, ರನ್‌ವೇ ದಕ್ಷಿಣದಿಂದ ಉತ್ತರಕ್ಕೆ ಮಲಗಿತು. ಆಷಾಢದ ಗಾಳಿ ಮಾತ್ರ ಪಂಡಿತನ ಮಾತು ಕೇಳದೆ, ಪಡುವಣ ಗುಡ್ಡಗಳ ಸಂದಿಯಿಂದ ನುಗ್ಗಿ ರನ್‌ವೇಗೆ ಅಡ್ಡಡ್ಡ ಬಡಿಯುತ್ತಿತ್ತು.

ಹಾಗಿದ್ದರೂ ಇಷ್ಟು ವರ್ಷ ತೊಂದರೆ ಆಗಿರಲಿಲ್ಲ. ಆಷಾಢ ಶೂನ್ಯಮಾಸವೆಂದು ಧಣಿ ಆ ತಿಂಗಳು ವಿಮಾನ ಹತ್ತುತ್ತಲೇ ಇರಲಿಲ್ಲ. ಈ ಸಲ ಗಣಿ ಗುತ್ತಿಗೆಯ ವಿಚಾರಣೆಗೆಂದು ಬೆಂಗಳೂರಿಗೆ ಹೋಗಲೇಬೇಕಾಗಿ ಬಂದಿತ್ತು. ಇವತ್ತು ಬೆಳಿಗ್ಗೆ ವಾಪಸು ಬಂದಿದ್ದ.

"ಕ್ರಾಸ್‌ವಿಂಡ್, ಮೇಡಂ," ಎಂದಿತು ತಲೆಯ ಮೇಲಿನಿಂದ ಒಂದು ದನಿ. "ಅಡ್ಡಗಾಳಿ. ನಿಮಗೆ ಅರ್ಥ ಆಗೋದು ಕಷ್ಟ. ಟೆಕ್ನಿಕಲ್ ವಿಷಯ."

ಲಲಿತಾ ಮೇಲೆ ನೋಡಿದಳು. ಬಿಳಿ ಅಂಗಿ, ಕಪ್ಪು ಕನ್ನಡಕ, ಎರಡೂ ಹೆಗಲ ಮೇಲೆ ನಾಲ್ಕು ನಾಲ್ಕು ಬಂಗಾರದ ಪಟ್ಟಿ. ಏರ್‌ಸ್ಟ್ರಿಪ್ಪಿನ ಮ್ಯಾನೇಜರ್ ಭಾರ್ಗವ್. ಹೋದ ಚಳಿಗಾಲದಲ್ಲಿ ಕೆಲಸಕ್ಕೆ ಸೇರಿದವನು. ಅದಕ್ಕೆ ಮೊದಲು ಹೊಸಪೇಟೆಯಲ್ಲಿ ಕಾರು ಮಾರುತ್ತಿದ್ದ.

"ನೀವು ಪೈಲಟ್ಟಾ?" ಎಂದು ಕೇಳಿದಳು.

"ಏವಿಯೇಷನ್ ಫೀಲ್ಡು, ಮೇಡಂ."

"ವಿಮಾನ ಓಡಿಸ್ತೀರಾ?"

"ಓಡಿಸೋರನ್ನ ಓಡಿಸ್ತೀನಿ," ಎಂದು ನಕ್ಕ. ಪಕ್ಕದಲ್ಲಿ ಹೆಣ ಇರುವುದು ನೆನಪಾಗಿ ನಗು ನಿಲ್ಲಿಸಿದ.

ಹೆಡ್ ಕಾನ್‌ಸ್ಟೆಬಲ್ ಎರ್ರಿಯಪ್ಪ ಫೋನು ಹಿಡಿದು ಹೆಣ, ಪೊದೆ, ರನ್‌ವೇ, ಗುಡ್ಡ, ಹಾರುವ ಕಾಗೆ ಎಲ್ಲದರ ಫೋಟೊ ತೆಗೆಯುತ್ತಿದ್ದ. ಯಾವುದು ಬೇಕು, ಯಾವುದು ಬೇಡ ಎಂದು ಯೋಚಿಸುವುದು ಸಾಹೇಬರ ಕೆಲಸ ಎಂಬುದು ಅವನ ನಂಬಿಕೆ.

"ಏನಾತು ಅಂತ ಹೇಳ್ರಿ," ಎಂದಳು ಲಲಿತಾ.

"ನಾನು ಆಚೆ ಕಡೆ ಶೆಡ್ಡಿನ ಹತ್ರ ನಿಂತಿದ್ದೆ. ವಿಮಾನ ಕೆಳಗೆ ಬಂತು. ಮೂಗು ರನ್‌ವೇ ಕಡೆ ಇರಲೇ ಇಲ್ಲ, ಮೇಡಂ. ಗುಡ್ಡದ ಕಡೆ ತಿರುಗಿತ್ತು. ಕಂಟ್ರೋಲ್ ತಪ್ಪಿತ್ತು. ಡಾಂಬರು ಬಿಟ್ಟು ಸೀದಾ ಈ ಕಡೆ ನುಗ್ಗಿ, ಇವನನ್ನ ಹೊಡೆದು, ಮತ್ತೆ ರನ್‌ವೇ ಮೇಲೆ ಹೋಯಿತು. ಹೆಣ್ಣುಮಗಳು ನೋಡಿ. ಸ್ಕೂಟಿ ಓಡಿಸಿದ ಹಾಗೆ ಓಡಿಸಿದಳು."

ಲಲಿತಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳೂ ಸ್ಕೂಟಿಯಲ್ಲೇ ಓಡಾಡುವವಳು.

ಹೆಣ ಇದ್ದದ್ದು ರನ್‌ವೇಯ ದಕ್ಷಿಣ ತುದಿಯ ಪಡುವಣ ಬದಿಯಲ್ಲಿ. ಡಾಂಬರಿನ ಅಂಚಿಗೂ ಹೆಣಕ್ಕೂ ನಡುವೆ ಎರಡು ಲಾರಿ ಒಂದರ ಹಿಂದೊಂದು ನಿಲ್ಲುವಷ್ಟು ಜಾಗವಿತ್ತು. ಆ ಕೆಂಪು ಮಣ್ಣಿನ ಮೇಲೆ ಗಾಲಿಯ ಗುರುತು ಒಂದೂ ಇರಲಿಲ್ಲ.

"ಗಾಳಿ ಅಳಿಸಿ ಹಾಕಿದೆ," ಎಂದ ಭಾರ್ಗವ್, ಕೇಳುವ ಮೊದಲೇ.

ಇರಬಹುದು. ಅವಳ ಬೂಟಿನ ಗುರುತೂ ನೋಡನೋಡುತ್ತ ಅಳಿಸಿ ಹೋಗುತ್ತಿತ್ತು.

*  *  *

ಉತ್ತರದ ತುದಿಯ ಶೆಡ್ಡಿನಲ್ಲಿ ಗುಡ್ಡಪ್ಪ ಧಣಿ ಕುರ್ಚಿಯ ತುಂಬ ಕೂತಿದ್ದ. ಮುಂದಿನ ಮೇಜಿನ ಮೇಲೆ ಹೂಗುಚ್ಛ. ವಿಮಾನದಿಂದ ಇಳಿದ ಕೂಡಲೇ ಭಾರ್ಗವ್ ಕೈಗೆ ಕೊಟ್ಟದ್ದು.

"ಗಡಗಡ ಅಂತಿತ್ತು," ಎಂದ ಧಣಿ. "ಮುಂದ ನೋಡಿದರ ಗುಡ್ಡ ಕಾಣಾಕ ಹತ್ತಿತ್ತು. ರನ್‌ವೇ ಎಲ್ಲೈತಿ ಅಂದ್ರ ಬಲಗಡೆ ಕಿಟಕ್ಯಾಗ ಐತಿ. ನಾ ಕಣ್ಣು ಮುಚ್ಚಿ ಹನುಮಪ್ಪನ ನೆನಸಿದೆ. ಮುಗೀತು ನನ್ನ ಕಥಿ ಅಂದ್ಕೊಂಡೆ."

ಮುಗಿದದ್ದು ಬೇರೆಯವನ ಕಥೆ. ಅದು ಧಣಿಯ ಮಾತಿನಲ್ಲಿ ಎಲ್ಲೂ ಬರಲಿಲ್ಲ.

ಪೈಲಟ್ ಅರ್ಚಿತಾ ಗೋಡೆಗೆ ಒರಗಿ ನಿಂತಿದ್ದಳು. ಹೊಸಪೇಟೆಯ ಆಚಾರರ ಮನೆಯ ಹುಡುಗಿ. ಅವಳ ಹೆಗಲ ಮೇಲೂ ಪಟ್ಟಿ ಇದ್ದವು, ಎರಡೇ ಎರಡು. ದುಡಿದು ಪಡೆದವು. ಈಗ ಅವೇ ಕಿತ್ತುಹೋಗುವ ಕಾಲ ಬಂದಿತ್ತು. ಲೈಸೆನ್ಸು ಹೋಗುತ್ತದೆ, ಜೈಲು ಬರುತ್ತದೆ, ಮುಂದೆ ಯಾರೂ ವಿಮಾನದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

"ಮೂಗು ಗುಡ್ಡದ ಕಡೆ ಇತ್ತಾ?" ಎಂದು ಕೇಳಿದಳು ಲಲಿತಾ.

"ಇತ್ತು ಮೇಡಂ. ಗಾಳಿ ಇದ್ದಾಗ ಹಾಗೇ ಬರಬೇಕು..."

"ಒಪ್ಕೊಂಡ್ಲು ನೋಡಿ," ಎಂದ ಭಾರ್ಗವ್.

"ನಾ ಡಾಂಬರು ಬಿಟ್ಟು ಹೋಗಿಲ್ಲ. ನಡುವಿನ ಬಿಳಿ ಗೆರೆ ಮೇಲೇ ಇಳಿಸೀನಿ."

"ಮೂಗು ಗುಡ್ಡಕ್ಕೆ, ವಿಮಾನ ರನ್‌ವೇಗೆ. ಮ್ಯಾಜಿಕ್ಕಾ?" ಭಾರ್ಗವ್ ಧಣಿಯತ್ತ ನೋಡಿದ. ಧಣಿ ಹೊಟ್ಟೆ ಕುಣಿಸಿ ನಕ್ಕ.

ಲಲಿತಾಗೆ ಇಬ್ಬರ ಮೇಲೂ ಒಂದೇ ತೂಕದ ಅಸಹ್ಯ ಹುಟ್ಟಿತು. ಆದರೆ ಅಸಹ್ಯ ಸಾಕ್ಷಿಯಾಗುವುದಿಲ್ಲ. ಅವಳಿಗೂ ಹುಡುಗಿಯ ಮಾತು ಸುಳ್ಳೆಂದೇ ಕಂಡಿತ್ತು. ಮೂಗು ಎತ್ತ ಇರುತ್ತದೋ ಗಾಡಿ ಅತ್ತ ಹೋಗುತ್ತದೆ.

"ಹುಲುಗಪ್ಪ ಬಟ್ಟೆ ಬೀಸಿದ್ನಾ?"

"ಮೊದಲನೇ ಸಲ ಬಟ್ಟೆ ಕಾಣಲಿಲ್ಲ. ಅದಕ್ಕೇ ಇನ್ನೊಂದು ಸುತ್ತು ಹೋದೆ. ಎರಡನೇ ಸಲ ಹಸಿರು ಕಾಣಿಸ್ತು. ಪಕ್ಕದಲ್ಲೇ ಜೀಪು ನಿಂತಿತ್ತು. ಆಮೇಲೆ ನನ್ನ ಕಣ್ಣು ರನ್‌ವೇ ಮೇಲೆ."

ಅಷ್ಟರಲ್ಲಿ ಲಲಿತಾಳ ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು. ಧಣಿ ಅವರಿಗೆ ಆಗಲೇ ಫೋನು ಮಾಡಿದ್ದ. ದಿಲ್ಲಿಯಿಂದ ವಿಮಾನದ ತನಿಖೆಯವರು ಬರುವುದು ತಡ, ಅಲ್ಲಿಯವರೆಗೆ ಕಾಯುವುದೇನಿದೆ, ಪೈಲಟ್ಟನ್ನು ನಾಳೆ ಸಂಜೆಯೊಳಗೆ ಅರೆಸ್ಟ್ ಮಾಡು ಎಂದರು. ವಿಮಾನ ಹೇಗೆ ಇಳಿಯುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಧಣಿಗೆ ಏನು ಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

*  *  *

ಸಂಡೂರಿನ ಆಸ್ಪತ್ರೆಯ ವರಾಂಡದಲ್ಲಿ ಹುಲುಗಪ್ಪನ ಹೆಂಡತಿ ಸುಂಕಮ್ಮ ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಗಂಡನಿಗೆಂದು ಕಟ್ಟಿದ್ದು. ಗಂಟು ಬಿಚ್ಚಿರಲಿಲ್ಲ.

"ನೀ ನೋಡಿದೇನವ್ವಾ ವಿಮಾನ ಇಳಿಯೋದು?" ಎಂದು ಲಲಿತಾ ಪಕ್ಕದಲ್ಲಿ ಕೂತಳು.

"ಮೂಡಲ ಕಡೆ ಮೆಕ್ಕೆಜೋಳದ ಹೊಲದ ಬದುವಿನ ಮ್ಯಾಲೆ ಬರಾಕ ಹತ್ತಿದ್ದೆ ರೀ. ಸೊಟ್ಟಗ ಬಂತು ರೀ ಅದು. ಗುಡ್ಡದ ಕಡೀಗ ಮಾರಿ ಮಾಡ್ಕೊಂಡು. ಆ ಹುಡುಗಿ ಕೈ ಸೇದಿ ಹೋಗ್ಲಿ. ನನ್ನ ಗಂಡನ್ನ ತಿಂದ್ಲು."

"ನಿನ್ನ ಗಂಡ ಬಟ್ಟೆ ಬೀಸೋದು ಕಂಡ್ತಾ?"

"ಬೆಳಿ ತಲಿಮಟ ಬೆಳದೈತ್ರಿ. ಕೆಳಗಿಂದು ಏನೂ ಕಾಣಂಗಿಲ್ಲ." ಲಲಿತಾಳ ಕಡೆ ತಿರುಗಿ ಕೇಳಿದಳು, "ಆ ಬಟ್ಟೆ ನನಗ ಕೊಡಸ್ರಿ ಅಮ್ಮಾರ. ನನ್ನ ಸೀರಿ ಹರಿದು ಮಾಡಿದ್ದು. ಅವಂಗ ಹೊದಸ್ತೀನಿ. ಶೆಡ್ಡಿನ ಗೂಟಕ್ಕ ಹಾಕ್ಯಾರ, ಕೇಳಿದ್ರ ಆ ಮ್ಯಾನೇಜರ್ ಬೈದು ಕಳಿಸಿದ."

ಲಲಿತಾ ಸುಮ್ಮನೆ ತಲೆ ಆಡಿಸಿದಳು. ಮಾತು ಕಿವಿಯ ಮೇಲೆ ಬಿದ್ದು ಹೋಯಿತು. ಅದು ಎಂಥ ಮಾತೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಬಾಗಿಲಾಚೆ ಕರೆದು ದನಿ ತಗ್ಗಿಸಿದರು.

"ಪೆಟ್ಟು ಹಿಂದಿನಿಂದ ಬಿದ್ದಿದೆ. ಮೊಣಕಾಲಿನ ಹಿಂದೆ ಎಲುಬು ಮುರಿದಿದೆ. ಆಮೇಲೆ ಬಿದ್ದು ತಲೆ ಒಡೆದಿದೆ."

"ವಿಮಾನದ ರೆಕ್ಕಿ ತಗಲಿದ್ರ ಹಂಗಾಗತೈತೇನ್ರಿ?"

"ನಾನು ವಿಮಾನ ಹೊಡೆದವರನ್ನು ನೋಡಿಲ್ಲ. ಕಾರು ಹೊಡೆದವರನ್ನು ದಿನಾ ನೋಡುತ್ತೇನೆ. ಇದು ಹಾಗೇ ಇದೆ. ಇನ್ನೊಂದು ಮಾತು. ಪೆಟ್ಟು ಬಿದ್ದ ಕೂಡಲೇ ಸತ್ತಿಲ್ಲ. ಸಾಕಷ್ಟು ಹೊತ್ತು ಜೀವ ಇತ್ತು. ಆಗಲೇ ತಂದಿದ್ದರೆ ಉಳಿಸಬಹುದಿತ್ತು."

ಲಲಿತಾ ತಿರುಗಿ ವರಾಂಡದ ಕಡೆ ನೋಡಿದಳು. ಸುಂಕಮ್ಮ ಬುತ್ತಿಯ ಗಂಟನ್ನು ಬಿಗಿ ಮಾಡುತ್ತಿದ್ದಳು.

*  *  *

ಮರುದಿನ ಗುರುವಾರ. ಅರ್ಚಿತಾಳ ಬಗ್ಗೆ ವಿಚಾರಿಸಲೆಂದು ಲಲಿತಾ ಹೊಸಪೇಟೆಯ ಮನೆಗೆ ಹೋದರೆ ತಾಯಿ ಲಕ್ಷ್ಮೀಬಾಯಿ ಮನೆಯಲ್ಲಿರಲಿಲ್ಲ. ಗುರುವಾರ ಹೊಳೆ ದಾಟಿ ನವಬೃಂದಾವನಕ್ಕೆ ಹೋಗುವುದು ಆಕೆಯ ನೇಮ. ಮಗಳು ಜೈಲಿಗೆ ಹೋಗುವ ದಿನವಾದರೂ ನೇಮ ನೇಮವೇ. ಲಲಿತಾ ಹಂಪಿಗೆ ಹೋಗಿ, ಗುಡಿಯ ಕೆಳಗಿನ ದೋಣಿಯ ಹತ್ತಿರ ಆಕೆಯನ್ನು ಹಿಡಿದಳು.

"ಮಾತಾಡೋದಿದ್ರ ದೋಣ್ಯಾಗ ಕೂತು ಮಾತಾಡ್ರಿ," ಎಂದರು ಲಕ್ಷ್ಮೀಬಾಯಿ. "ನಾ ಮಡಿಲೆ ಇದ್ದೀನಿ. ಮುಟ್ಟಬ್ಯಾಡ್ರಿ ಅಷ್ಟೇ."

ಮೇಲೆ ಮಳೆಯಾಗಿ ಹೊಳೆಗೆ ಹೊಸ ನೀರು ಬಂದಿತ್ತು. ದೋಣಿ ಹೊರಟಿತು.

"ನಿಮ್ಮ ಮಗಳು ಎಂಥಾಕಿ?"

"ಹಟಮಾರಿ. ಸುಳ್ಳು ಹೇಳಂಗಿಲ್ಲ. ಹೇಳಿದ್ರ ಎಷ್ಟೋ ಕಡೆ ಪಾರಾಗ್ತಿದ್ಲು." ಲಕ್ಷ್ಮೀಬಾಯಿ ನೀರು ನೋಡುತ್ತ ಮುಂದುವರಿಸಿದರು. "ಆ ಭಾರ್ಗವ್ ನಮ್ಮ ದೂರದ ಸಂಬಂಧಿ. ಮದಿವ್ಯಾಗ ಸೈತ ಆ ಪಟ್ಟಿ ಅಂಗಿ ಹಾಕ್ಕೊಂಡು ಬಂದಿದ್ದ. ಒಂದಿನ ನಾನೇ ಕೇಳಿದೆ, ವಿಮಾನದ ವಿದ್ಯಾ ಎಲ್ಲಿ ಕಲ್ತಿಯಪ್ಪಾ ಅಂತ. ಫೋನಿನ್ಯಾಗ ಅಂದ."

ಲಲಿತಾಗೆ ನಗು ಬಂತು. ಅದು ಮುಖಕ್ಕೆ ಬರುವ ಮೊದಲೇ ನಿಂತುಹೋಯಿತು.

ಆಚೆ ದಂಡೆಯ ಮೆಟ್ಟಿಲು ಎದುರಿಗೇ ಇದ್ದವು. ದೋಣಿಯವನು ದೋಣಿಯ ಮೂತಿಯನ್ನು ಮೆಟ್ಟಿಲ ಕಡೆ ಇಟ್ಟಿರಲಿಲ್ಲ. ನೀರು ಬರುವ ಕಡೆಗೆ, ಮೇಲಿನ ಬಂಡೆಯತ್ತ ತಿರುಗಿಸಿ ಹಿಡಿದಿದ್ದ. ದೋಣಿ ಬಂಡೆಗೆ ಮುಖ ಮಾಡಿಕೊಂಡೇ ಓರೆಯಾಗಿ ಜಾರುತ್ತ, ನೇರ ಮೆಟ್ಟಿಲಿನ ಕಡೆಗೇ ಹೋಗುತ್ತಿತ್ತು.

ಕಂಪ್ಲಿಯ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಲಲಿತಾ ಇದನ್ನು ನೂರಾರು ಸಲ ನೋಡಿದ್ದಳು. ಹೊಳೆಯಲ್ಲಿ ಸೆಳವು ಇದ್ದಾಗ ಮೂತಿಯನ್ನು ದಡಕ್ಕೆ ನೇರವಾಗಿ ಹಿಡಿದರೆ ನೀರು ಕೆಳಕ್ಕೆ ಒಯ್ಯುತ್ತದೆ. ಸೆಳವಿನ ಕಡೆ ಮೂತಿ ಮಾಡಿದರೆ ಮಾತ್ರ ಎದುರು ದಡ ಸಿಗುತ್ತದೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ಖಾಕಿ ತೊಟ್ಟು ಸೊಂಟಕ್ಕೆ ಪಟ್ಟಿ ಬಿಗಿದ ಮೇಲೆ ಅವಳ ಬುದ್ಧಿಗೆ ಮಂಕು ಬಡಿದಿತ್ತು. ತನ್ನನ್ನು ತಾನೇ ಒಳ್ಳೆಯ ಎರಡು ಮಾತಿನಲ್ಲಿ ಬೈದುಕೊಂಡು ಫೋನು ತೆಗೆದಳು.

"ಅರ್ಚಿತಾ, ನಿನ್ನೆ ನಾ ನಿನ್ನ ಮಾತು ಪೂರಾ ಕೇಳಲಿಲ್ಲ. ಈಗ ಹೇಳು. ಗಾಳಿ ಪಡುವಣದಿಂದ. ನೀ ಉತ್ತರಕ್ಕ ಮುಖ ಮಾಡಿ ಇಳೀಬೇಕು. ಏನ್ ಮಾಡ್ತಿ?"

"ಮೂಗನ್ನ ಗಾಳಿ ಕಡೆ ತಿರುಗಿಸ್ತೀನಿ ಮೇಡಂ. ಗುಡ್ಡದ ಕಡೆ. ವಿಮಾನ ಓರೆಯಾಗಿ ಕಾಣ್ತದ, ಆದ್ರ ಹೋಗೋದು ರನ್‌ವೇ ಗೆರೆ ಮೇಲೇ. ನೆಲ ಮುಟ್ಟೋ ಕೊನೇ ಗಳಿಗ್ಯಾಗ ಕಾಲಿಂದ ಒತ್ತಿ ಮೂಗನ್ನ ನೇರ ಮಾಡೋದು, ಗಾಳಿ ಕಡೆ ರೆಕ್ಕೆನ ಸ್ವಲ್ಪ ತಗ್ಗಿಸಿ ಹಿಡಿಯೋದು. ಅದಕ್ಕೇ ಎಡಗಾಲಿ ಮೊದಲು ನೆಲ ಮುಟ್ಟತದ. ಬಲದ್ದು ಆಮೇಲೆ."

"ನಿನ್ನ ಕೈ ಸೋತು ಗಾಳಿ ಗೆದ್ದಿದ್ರ? ವಿಮಾನ ಎತ್ತ ಹೋಗ್ತಿತ್ತು?"

"ಗಾಳಿ ಒಯ್ಯೋ ಕಡೆ. ಮೂಡಲಕ್ಕ. ಮೆಕ್ಕೆಜೋಳದ ಹೊಲಕ್ಕ."

ಹೆಣ ಬಿದ್ದದ್ದು ಪಡುವಣದಲ್ಲಿ, ಗಾಳಿಗೆ ಎದುರಾಗಿ.

"ನೆಲ ಮುಟ್ಟಿದ ಮ್ಯಾಲೆ ಗಾಳಿ ಕಡೆ ಹೊರಳಂಗಿಲ್ಲೇನು?"

"ಬಿಟ್ರೆ ಹೊರಳತದ. ನಾ ಬಿಡಲಿಲ್ಲ. ಟೈರಿನ ಕಪ್ಪು ಗುರುತು ಡಾಂಬರಿನ ಮೇಲೆ ಇದ್ದೇ ಇರ್ತದ. ನೋಡ್ರಿ."

ಲಲಿತಾ ಎರ್ರಿಯಪ್ಪನಿಗೆ ಫೋನು ಮಾಡಿದಳು. ನಿನ್ನೆ ತೆಗೆದ ಫೋಟೊ ಎಲ್ಲ ಕಳಿಸು ಎಂದಳು. ದೋಣಿ ದಂಡೆಗೆ ತಾಗುವ ಹೊತ್ತಿಗೆ ಫೋಟೊಗಳು ಬಂದು ಬೀಳತೊಡಗಿದವು. ಕಾಗೆ. ಗುಡ್ಡ. ಎರ್ರಿಯಪ್ಪನ ಹೆಬ್ಬೆರಳು. ಆಮೇಲೆ ರನ್‌ವೇ. ಹಳೆಯ ಗುರುತುಗಳ ಮೇಲೆ ಅದಿರಿನ ಕೆಂಪು ಧೂಳು ಕೂತಿತ್ತು. ನಡುವೆ ಎರಡು ಗೆರೆಗಳು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು. ಎಡದ್ದು ಮೊದಲು ಶುರು, ಬಲದ್ದು ಸ್ವಲ್ಪ ಮುಂದೆ. ಎರಡೂ ಬಿಳಿ ಗೆರೆಯ ಆಚೀಚೆ ಒಂದಿಷ್ಟೂ ಸೊಟ್ಟಾಗದೆ ಉತ್ತರಕ್ಕೆ ಹೋಗಿದ್ದವು.

ಆಗ ಸುಂಕಮ್ಮನ ಸೀರೆಯ ತುಂಡು ನೆನಪಾಯಿತು. ಲಲಿತಾ ಮೆಟ್ಟಿಲ ಮೇಲೆ ನಿಂತೇ ಬಿಟ್ಟಳು.

"ಬರ್ತೀರೇನು ಬೃಂದಾವನಕ್ಕ?" ಎಂದು ಕೇಳಿದರು ಲಕ್ಷ್ಮೀಬಾಯಿ.

"ಇಲ್ರೀ ಅಮ್ಮಾ. ನನ್ನ ದೇವರು ಸಂಡೂರಿನ್ಯಾಗ ಪಟ್ಟಿ ಹಾಕ್ಕೊಂಡು ನಿಂತೈತಿ."

*  *  *

ಮಧ್ಯಾಹ್ನ ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ಧಣಿ, ಭಾರ್ಗವ್, ಅರ್ಚಿತಾ, ಸುಂಕಮ್ಮ. ಅರೆಸ್ಟು ನೋಡಲೆಂದು ಧಣಿ ಊಟ ಮುಗಿಸಿಯೇ ಬಂದಿದ್ದ.

ಸುಂಕಮ್ಮ ಅರ್ಚಿತಾಳನ್ನು ಕಂಡು ನೆಲಕ್ಕೆ ಉಗುಳಿದಳು. ಹುಡುಗಿ ತಲೆ ತಗ್ಗಿಸಿದಳು.

"ಭಾರ್ಗವ್ ಅವರ," ಎಂದಳು ಲಲಿತಾ, ದನಿಯಲ್ಲಿ ಬೆಣ್ಣೆ ಸವರಿ. "ನಾವು ಓದಿದ್ದು ಕಡಿಮಿ. ವಿಮಾನ ಹೆಂಗ ಬಂತು ಅಂತ ನಡೆದು ತೋರಸ್ರಿ. ಎರ್ರಿಯಪ್ಪ ಕಲ್ಲಿಟ್ಟು ಗುರುತು ಮಾಡ್ಕೊಂತಾನ."

ಭಾರ್ಗವ್ ಹಿಗ್ಗಿದ. ದಕ್ಷಿಣದ ತುದಿಗೆ ಹೋಗಿ, ಎರಡೂ ಕೈ ರೆಕ್ಕೆಯಂತೆ ಚಾಚಿ, ಗುಡ್ಡದ ಕಡೆ ಮುಖ ಮಾಡಿ ಸೀದಾ ನಡೆದ. ಡಾಂಬರು ಬಿಟ್ಟ, ಕೆಂಪು ಮಣ್ಣು ದಾಟಿದ, ಹೆಣ ಬಿದ್ದಿದ್ದ ಜಾಗಕ್ಕೆ ಹೋಗಿ ನಿಂತ.

"ಮೂಗು ಇತ್ತ ಇತ್ತು. ಹಾಗಾಗಿ ಇತ್ತ ಬಂತು. ಸಿಂಪಲ್ ಏರೋಡೈನಮಿಕ್ಸ್."

ಅರ್ಚಿತಾ ಬಾಯಿ ತೆರೆದಳು. ಲಲಿತಾ ಕೈ ಅಡ್ಡ ಹಿಡಿದು ತಡೆದಳು.

"ಕಾರು ಹಂಗ ಬರತೈತಿ," ಎಂದಳು. "ನೀವು ಕಾರು ಮಾರಿದೋರು. ಚಳಿಗಾಲದಾಗ ಕೆಲಸಕ್ಕ ಬಂದೀರಿ. ಆವಾಗ ಗಾಳಿ ಇರಲಿಲ್ಲ, ವಿಮಾನ ನೆಟ್ಟಗ ಬರ್ತಿತ್ತು. ಆಷಾಢದಾಗ ಧಣೇರು ಹಾರಂಗಿಲ್ಲ. ಅಡ್ಡಗಾಳ್ಯಾಗ ವಿಮಾನ ಇಳಿಯೋದನ್ನ ನೀವು ನಿನ್ನೆವರೆಗೂ ಕಣ್ಣಿಲೆ ನೋಡಿಲ್ಲ. ನೋಡಿದ ಕೂಡಲೇ ಸೊಟ್ಟ ಬರಾಕ ಹತ್ತೈತಿ, ಹುಡುಗಿ ತಪ್ಪು ಮಾಡ್ಯಾಳ ಅಂದ್ಕೊಂಡ್ರಿ. ಆ ಮೂಗು ಎಲ್ಲಿಗೆ ತೋರಸ್ತಿತ್ತೋ ಅಲ್ಲೇ ಹೆಣ ಹಾಕಿದ್ರಿ."

"ಏನ್ ಮಾತಾಡ್ತಿದೀರಿ ಮೇಡಂ..."

"ವಿಮಾನದ ಮೂಗು ಗಾಳಿಗೆ ಇರತೈತಿ. ವಿಮಾನ ಹೋಗೋದು ರನ್‌ವೇ ಮ್ಯಾಲೆ. ಟೈರಿನ ಗುರುತು ನಡುಗೆರಿ ಬಿಟ್ಟು ಕದಲಿಲ್ಲ. ಫೋಟೊ ಐತಿ. ಅಕಸ್ಮಾತ್ ಗಾಳಿ ಒಯ್ದಿದ್ರೂ ಆ ಕಡೆ ಹೊಲಕ್ಕ ಒಯ್ಯತಿತ್ತು. ನೀವು ಹೆಣ ಇಟ್ಟಿದ್ದು ಈ ಕಡೆ. ನಾಲ್ಕು ಪಟ್ಟಿ ಹಾಕ್ಕೊಂಡು ಇಷ್ಟೂ ಗೊತ್ತಿಲ್ಲ ನಿಮಗ."

ಧಣಿ ಕುರ್ಚಿಯಲ್ಲಿ ಅಲುಗಾಡಿದ. "ಹಂಗಾರ ಅವನ್ನ ಕೊಂದೋರು ಯಾರು?"

"ಎರ್ರಿಯಪ್ಪ, ಆ ಬಟ್ಟೆ ತಗೊಂಡು ಬಾ."

ಎರ್ರಿಯಪ್ಪ ಶೆಡ್ಡಿನೊಳಗಿಂದ ಹಸಿರು ಬಟ್ಟೆಯನ್ನು ತಂದ. ಗೋಡೆಯಲ್ಲಿ ಸಾಲಾಗಿ ಗೂಟಗಳಿದ್ದವು. ಮೇಲೆ ಭಾರ್ಗವ್ ತಾನೇ ಬರೆಸಿದ ಬೋರ್ಡು: ವಸ್ತುಗಳನ್ನು ಅವುಗಳ ಜಾಗದಲ್ಲೇ ಇಡಿ.

"ಅರ್ಚಿತಾಗ ಮೊದಲನೇ ಸುತ್ತಿನ್ಯಾಗ ಬಟ್ಟೆ ಕಾಣಲಿಲ್ಲ," ಎಂದಳು ಲಲಿತಾ. "ಎರಡನೇ ಸುತ್ತಿಗೆ ಯಾರೋ ದಕ್ಷಿಣದ ತುದ್ಯಾಗ ಇದನ್ನ ಬೀಸಿದ್ರು. ಬೀಸಿದೋನು ಹುಲುಗಪ್ಪ ಆಗಿದ್ದು, ಬೀಸ್ತಾನೇ ವಿಮಾನ ಹೊಡೆದು ಸತ್ತಿದ್ರ, ಬಟ್ಟೆ ಹೆಣದ ಹತ್ರ ಇರಬೇಕಿತ್ತು. ಅದು ರನ್‌ವೇದ ಈ ತುದಿಗೆ ಬಂದು ಗೂಟಕ್ಕ ನೇತಾಡ್ತಿತ್ತು. ಸತ್ತೋನು ಎದ್ದು ಬಂದು ಬಟ್ಟೆ ನೇತುಹಾಕಿ, ವಾಪಸು ಹೋಗಿ ಬೋರಲು ಬಿದ್ನೇನು? ನಿನ್ನೆ ಇಲ್ಲಿ ನೆಲದ ಮ್ಯಾಲೆ ಇದ್ದೋರು ಇಬ್ಬರೇ. ಹುಲುಗಪ್ಪ, ನೀವು. ಬೀಸಿದೋನ ಪಕ್ಕ ಜೀಪು ನಿಂತಿತ್ತು. ಹುಲುಗಪ್ಪಗ ಜೀಪು ಎಲ್ಲಿಂದ ಬರಬೇಕು?"

ಶೆಡ್ಡಿನ ಪಕ್ಕ ಭಾರ್ಗವ್‌ನ ಜೀಪು ನಿಂತಿತ್ತು. ಸಂಡೂರಿನಲ್ಲಿ ಆಷಾಢದಲ್ಲಿ ಯಾರೂ ಗಾಡಿ ತೊಳೆಯುವುದಿಲ್ಲ. ತೊಳೆದು ಕೈ ಒಣಗುವ ಮೊದಲೇ ಮತ್ತೆ ಕೆಂಪಾಗುತ್ತದೆ. ಧಣಿಯ ಕಾರು ಕೆಂಪು, ಪೊಲೀಸ್ ಜೀಪು ಕೆಂಪು, ಗುಡಿಯ ಬಸವಣ್ಣನೂ ಕೆಂಪು. ನಿನ್ನೆ ಎರ್ರಿಯಪ್ಪ ತೆಗೆದ ಫೋಟೊದಲ್ಲಿ ಈ ಜೀಪು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

"ಧಣಿಗಳಿಗೆ ಧೂಳು ಆಗಲ್ಲ. ಅದಕ್ಕೆ ತೊಳೆದೆ," ಎಂದ ಭಾರ್ಗವ್.

"ನಾ ಇಲ್ಲೇ ಹುಟ್ಟಿದೋನಪಾ," ಎಂದ ಧಣಿ, ತನಗೇ ಗೊತ್ತಿಲ್ಲದಂತೆ. "ಧೂಳಿನ್ಯಾಗ ಬೆಳದೋನು."

ಎರ್ರಿಯಪ್ಪ ಜೀಪಿನ ಹಿಂಬದಿಯ ಮ್ಯಾಟು ಎತ್ತಿದ. ಮೇಲೆಲ್ಲ ನೀರು ಹೊಯ್ದವನು ಮ್ಯಾಟಿನ ಕೆಳಗೆ ನೋಡಿರಲಿಲ್ಲ. ಅಲ್ಲಿ ಕಪ್ಪಾದ ಕಲೆ ಇತ್ತು. ಶೆಡ್ಡಿನ ಹಿಂದಿನ ಚರಂಡಿಯಿಂದ ಎರ್ರಿಯಪ್ಪ ಆಗಲೇ ಒಂಟಿ ಚಪ್ಪಲಿಯನ್ನೂ ಹುಡುಕಿ ತಂದಿದ್ದ. ಹುಲುಗಪ್ಪನಿಗೆ ಪೆಟ್ಟು ಬಿದ್ದದ್ದು ಈ ತುದಿಯಲ್ಲಿ, ಹೆಣ ಸಿಕ್ಕಿದ್ದು ಆ ತುದಿಯಲ್ಲಿ.

ಭಾರ್ಗವ್ ಕನ್ನಡಕ ತೆಗೆದ. ಕಣ್ಣುಗಳು ಬಹಳ ಸಣ್ಣವಿದ್ದವು.

"ಬೇಕಂತ ಮಾಡಿಲ್ಲ ಮೇಡಂ. ರೀಲ್ ಮಾಡ್ತಿದ್ದೆ. ರನ್‌ವೇ ಮೇಲೆ ಜೀಪು ಜೋರಾಗಿ ಓಡಿಸ್ತಾ, ಫೋನು ಒಂದು ಕೈಯಲ್ಲಿ. ಟೇಕಾಫ್ ತರ. ಅವನು ಕುರಿ ಓಡಿಸ್ತಾ ಅಡ್ಡ ಬಂದ."

"ಬೆನ್ನು ಮಾಡಿ ನಿಂತೋನು ಅಡ್ಡ ಬಂದನಾ?"

ಭಾರ್ಗವ್ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸತೊಡಗಿದ.

"ಜೀವ ಇತ್ತು ಅವಂಗ. ಆಸ್ಪತ್ರೆಗೆ ಯಾಕ ಒಯ್ಯಲಿಲ್ಲ?"

"ಜೀಪಿಗೆ ಹಾಕಿದೆ. ಹೊರಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಮೇಲೆ ವಿಮಾನದ ಸದ್ದು. ಧಣಿಗಳು ಬರೋ ಹೊತ್ತಿಗೆ ನಾನು ಇಲ್ಲಿ ಇರದಿದ್ದರೆ..." ಅವನು ಧಣಿಯನ್ನು ನೋಡಿದ. "ಬೊಕೆ ಕೊಡಬೇಕಿತ್ತು."

ಧಣಿ ನೆಲ ನೋಡಿದ. ಲಲಿತಾ ಇಷ್ಟು ವರ್ಷ ಕೊಲೆಗಾರರನ್ನು ನೋಡಿದ್ದಳು, ಸಿಟ್ಟಿಗೆ ಕೊಂದವರು, ಜಮೀನಿಗೆ ಕೊಂದವರು. ಹೂಗುಚ್ಛಕ್ಕಾಗಿ ಒಬ್ಬನನ್ನು ಸಾಯಲು ಬಿಟ್ಟವನನ್ನು ನೋಡಿರಲಿಲ್ಲ. ಅವನ ಮೇಲೆ ಸಿಟ್ಟು ಬರುವುದಕ್ಕೂ ಅವನು ಲಾಯಕ್ಕಿಲ್ಲ ಅನ್ನಿಸಿತು.

ಸುಂಕಮ್ಮ ಮುಂದೆ ಬಂದಳು. ಅಳುತ್ತಿರಲಿಲ್ಲ.

"ಏನಾರ ಅಂದನಾ ಅವ?"

ಭಾರ್ಗವ್ ಮುಖ ತಿರುಗಿಸಿದ.

"ಕೇಳಾಕ ಹತ್ಯಾಳ. ಹೇಳು," ಎಂದಳು ಲಲಿತಾ. ದನಿಯಲ್ಲಿನ ಬೆಣ್ಣೆ ಕರಗಿ ಹೋಗಿತ್ತು, ಮರ್ಯಾದೆಯೂ.

"ಅಂದ. ವಿಮಾನ ಬಂತ್ರಿ ಸಾಹೇಬ್ರ, ಬಟ್ಟೆ ಬೀಸ್ರಿ ಅಂದ. ಗಾಳಿ ಭಾಳ ಐತಿ, ಆ ಹುಡುಗಿನ ಸುಮ್ಮಸುಮ್ಮನ ತಿರುಗಿಸಬ್ಯಾಡ್ರಿ ಅಂದ. ಎರಡು ಸಲ ಅಂದ. ಅದಕ್ಕೇ ಬೀಸಿದೆ. ವಿಮಾನ ದಾಟಿ ಹೋಗೋದರೊಳಗೆ ಉಸಿರು ನಿಂತಿತ್ತು."

ಅರ್ಚಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳು ಕೆಳಗೆ ನೋಡಿ ಇಳಿದ ಹಸಿರು ಬಟ್ಟೆ ಸಾಯುತ್ತಿದ್ದವನು ಬೀಸಿಸಿದ್ದು. ಅದರ ಪಕ್ಕದ ಜೀಪಿನಲ್ಲೇ ಅವನು ಮಲಗಿದ್ದ. ಸುಂಕಮ್ಮ ಸ್ವಲ್ಪ ಹೊತ್ತು ಅವಳನ್ನು ನೋಡಿದಳು. ಆಮೇಲೆ ಹತ್ತಿರ ಹೋಗಿ ಅವಳ ಕೈಗಳನ್ನು ಮುಖದಿಂದ ಬಿಡಿಸಿದಳು.

"ನಿನ್ನೆ ಭಾಳ ಬೈದ್ನಿ ನಿನಗ," ಎಂದಳು. "ನೀ ಏನೂ ಮಾಡಿಲ್ಲ ಬಿಡವ್ವಾ."

ಧಣಿ ಗಂಟಲು ಸರಿಮಾಡಿಕೊಂಡ. "ಮೇಡಂ, ಈ ಜಾಗಕ್ಕ ಒಂದು ಹೋಮ ಮಾಡಿಸಿದ್ರ ಹೆಂಗ? ಪಂಡಿತರನ್ನ ಕೇಳ್ತೀನಿ."

"ಪಂಡಿತರು ಕಾರಿನಿಂದ ಕೆಳಗಿಳೀತಾರೇನು ಅಂತ ಮೊದಲು ಕೇಳ್ರಿ," ಎಂದಳು ಲಲಿತಾ. ಸಾಹೇಬರಿಗೆ ಫೋನು ಮಾಡಿ, ಸಂಜೆಯೊಳಗೆ ಅರೆಸ್ಟ್ ಆಗಿದೆ, ತಾವು ಹೇಳಿದ ಹಾಗೆಯೇ ಎಂದಳು. ಯಾರು ಎಂದು ಅವರು ಕೇಳುವ ಮೊದಲೇ ಇಟ್ಟಳು.

ಬಟ್ಟೆಯನ್ನು ಸುಂಕಮ್ಮನಿಗೆ ಕೊಡುವಂತಿರಲಿಲ್ಲ, ಅದು ಕೋರ್ಟಿಗೆ ಬೇಕಿತ್ತು. ಲಲಿತಾ ಅದನ್ನು ಹೇಳಿದಾಗ ಸುಂಕಮ್ಮ ಬಟ್ಟೆಯ ಅಂಚನ್ನು ಒಮ್ಮೆ ಸವರಿ ವಾಪಸು ಕೊಟ್ಟಳು.

ಪೊಲೀಸ್ ಜೀಪು ಹತ್ತುವ ಮುಂಚೆ ಭಾರ್ಗವ್ ನಿಂತ. ಹೆಗಲಿಗೆ ಕೈ ಹಾಕಿ ಪಟ್ಟಿಯ ಗುಂಡಿ ಬಿಚ್ಚತೊಡಗಿದ.

"ಸಂಡೂರಿನಲ್ಲಿ ಎಲ್ಲರೂ ಗುರುತಿರೋರು, ಮೇಡಂ. ಇವನ್ನ ತೆಗೆದಿಡ್ತೀನಿ."

"ಇರ್ಲಿ ಬಿಡು," ಎಂದಳು ಲಲಿತಾ. "ಹಾಕ್ಕೊಂಡೇ ಬಾ."

ಸ್ಟೇಷನ್ನಿಗೆ ಹೊರಗಿನ ರಸ್ತೆಯಿಂದ ಹೋಗಬಹುದಿತ್ತು. ಲಲಿತಾ ಬಜಾರಿನ ಮೇಲೆ ಹೋಗು ಎಂದಳು. ಎರ್ರಿಯಪ್ಪನಿಗೆ ಈ ಸಲ ಹೇಳದೆಯೇ ಎಲ್ಲ ಅರ್ಥವಾಗಿತ್ತು. ಅವನು ಜೀಪನ್ನು ಬಹಳ ನಿಧಾನವಾಗಿ ಓಡಿಸಿದ.